ಹಸಿರು ಗುರುತು ಏನು ಹೇಳುತ್ತದೆ?

ಹಿಂದೆ ಮುಂಬಯಿಯಿಂದಲೋ ಪುಣೆಯಿಂದಲೋ ಊರಿಗೆ ಮನಿಆರ್ಡರು ಕಳಿಸಿದವರು ಅಂಚೆಕಚೇರಿಯಲ್ಲಿ ಹಣ ಕಟ್ಟಿದ ದಿನವೇ ನಿಶ್ಚಿಂತರಾಗುತ್ತಿರಲಿಲ್ಲ. ತಾಯಿಯೋ ಹೆಂಡತಿಯೋ ಸಹಿ ಹಾಕಿದ, ಇಲ್ಲವೆ ಹೆಬ್ಬೆಟ್ಟು ಒತ್ತಿದ ಸಣ್ಣ ಚೀಟಿ ಹಿಂದಕ್ಕೆ ಬಂದಾಗಲೇ ಹಣ ಮುಟ್ಟಿತೆಂದು ಸಮಾಧಾನ. ಈಗ ನಾವು ಕಾಗದಪತ್ರಗಳನ್ನು ಕಂಪ್ಯೂಟರಿನಲ್ಲಿಟ್ಟು, ಅವುಗಳ ಒಂದು ಪ್ರತಿಯನ್ನು ದೂರದ ಕಂಪನಿಯೊಂದರ ಯಂತ್ರಗಳಲ್ಲಿಯೂ ಇಡುವ ರೂಢಿಗೆ ಬಂದಿದ್ದೇವೆ. ಇದಕ್ಕೆ ಕ್ಲೌಡ್, ಎಂದರೆ ಮೋಡ, ಎಂದು ಹೆಸರು. ಅಲ್ಲಿಯೂ ಮುಟ್ಟಿದ ಚೀಟಿಯಂಥದೊಂದು ಬೇಕಷ್ಟೆ? ಫೈಲಿನ ಹೆಸರಿನ ಬಳಿ ಕಾಣುವ ಪುಟ್ಟ ಗುರುತೇ ಆ ಚೀಟಿಯಾಗಿತ್ತು. ಅದೇ ಗುರುತು ನಡುವೆ ತನ್ನ ಅರ್ಥವನ್ನು ಬದಲಿಸಿದ್ದರಿಂದ ಅನೇಕರು ತೊಡಕಿಗೆ ಸಿಕ್ಕಿದ್ದಾರೆ. ಆದುದರಿಂದ ಆ ವಿಷಯವನ್ನು ಇಲ್ಲಿ ಕೊಂಚ ವಿವರವಾಗಿ ಹೇಳಬೇಕೆಂದಿದ್ದೇನೆ.

ಮೊದಲಿನ ಏರ್ಪಾಡು ಸರಳವಾಗಿತ್ತು. 2008ರಲ್ಲಿ ಸಾರ್ವಜನಿಕರಿಗೆ ದೊರೆತ ಡ್ರಾಪ್‌ಬಾಕ್ಸಿನಲ್ಲಾಗಲಿ, ಮುಂದೆ ಮೈಕ್ರೋಸಾಫ್ಟ್ ಕಂಪನಿಯ ವನ್‌ಡ್ರೈವಿನಲ್ಲಾಗಲಿ ಮೂರು ಗುರುತುಗಳನ್ನು ಅರಿತಿದ್ದರೆ ಸಾಕಿತ್ತು. ಸುತ್ತುವ ನೀಲಿ ಬಾಣಗಳು ಕಂಡರೆ ಪ್ರತಿ ಇನ್ನೂ ದಾರಿಯಲ್ಲಿದೆ. ಕೆಂಪು ಇಂಟು ಗುರುತು ಕಂಡರೆ ಎಲ್ಲೋ ಅಡ್ಡಿಯಾಗಿದೆ. ಶಾಲೆಯಲ್ಲಿ ಮೇಷ್ಟರು ಹಾಕುವಂಥ ಸರಿ ಗುರುತು ಹಸಿರಿನಲ್ಲಿ ಕಂಡರೆ ಇಲ್ಲಿಯ ಪ್ರತಿ, ಅಲ್ಲಿಯ ಪ್ರತಿ ಎರಡೂ ಒಂದೇ. ಇದನ್ನೇ ಸಿಂಕ್ ಆಯಿತು ಎನ್ನುವುದು. ಫೈಲು ನಮ್ಮ ಯಂತ್ರದಲ್ಲಿದೆಯೋ ಇಲ್ಲವೋ ಎಂಬ ಪ್ರಶ್ನೆಯೇ ಏಳುತ್ತಿರಲಿಲ್ಲ, ಇದ್ದೇ ಇರುತ್ತಿತ್ತು.

ತೊಡಕು ಹುಟ್ಟಿದ್ದು ಜಾಗದ ಅಭಾವದಿಂದ. ಮೋಡದಲ್ಲಿ ಹಣ ಕೊಟ್ಟವರಿಗೆ 1 ಟೆರಾಬೈಟ್‌ನಷ್ಟು ಸ್ಥಳ ದೊರೆಯತೊಡಗಿತು. ಹಗುರವಾದ ಲ್ಯಾಪ್‌ಟಾಪುಗಳಲ್ಲಿಯೋ ಹಲವು ವೇಳೆ 128 ಗಿಗಾಬೈಟ್ ಮಾತ್ರ, ಎಂದರೆ ಅದರ ಎಂಟನೆಯ ಒಂದು ಪಾಲು. ಊರಿನ ತೊಟ್ಟಿಮನೆಯ ಸಾಮಾನನ್ನೆಲ್ಲ ಚಾಳಿನ ಒಂದು ಕೋಣೆಗೆ ತುಂಬುವುದು ಹೇಗೆ? ಆದ್ದರಿಂದ ಫೈಲಿನ ಹೆಸರನ್ನಷ್ಟೇ ಇಲ್ಲಿ ತೋರಿಸಿ, ಒಳಗಿನ ತಿರುಳನ್ನು ಅಲ್ಲಿಯೇ ಇಟ್ಟು, ತೆರೆದಾಗ ಮಾತ್ರ ತರಿಸುವ ಉಪಾಯ ಮಾಡಿದರು. ವಿಂಡೋಸ್ 8.1ರಲ್ಲಿ, 2013ರಲ್ಲಿಯೇ, ಈ ಉಪಾಯವಿತ್ತು. ಹೆಸರು ಕಾಣುವ ಫೈಲು ಇಂಟರ್ನೆಟ್ ಇಲ್ಲದಾಗ ತೆರೆಯದಿರುವುದನ್ನು ಕಂಡು ಜನ ಗಲಿಬಿಲಿಗೊಂಡರು. 2015ರ ವಿಂಡೋಸ್ 10ರಲ್ಲಿ ಅದನ್ನು ತೆಗೆದುಹಾಕಿದರು. ಆಗ ಜಾಗ ಸಾಲದೆಂದು ಇನ್ನೊಂದು ಬಗೆಯ ಕೂಗೆದ್ದಿತು. ಕಡೆಗೆ 2017ರ ಅಕ್ಟೋಬರಿನಲ್ಲಿ 'ಫೈಲ್ಸ್ ಆನ್ ಡಿಮಾಂಡ್' ಎಂಬ ಹೆಸರಿನಿಂದ, ಹೊಸ ಗುರುತುಗಳ ಸಮೇತ, ಅದು ಮರಳಿ ಬಂದಿತು.

ಆ ಹೊಸ ಗುರುತುಗಳು ಯಾವುವೆಂದರೆ: ನೀಲಿ ಗೆರೆಯ ಮೋಡವಿದ್ದರೆ ಫೈಲು ಅಲ್ಲಿ ಮಾತ್ರ ಇದೆ, ಇಲ್ಲಿರುವುದು ಹೆಸರಷ್ಟೆ. ಬಿಳಿಯ ವೃತ್ತದಲ್ಲಿ ಹಸಿರು ಸರಿ ಗುರುತಿದ್ದರೆ ಸದ್ಯಕ್ಕೆ ಇಲ್ಲಿಯೂ ಒಂದು ಪ್ರತಿ ಉಂಟು. ಜಾಗ ಬೇಕಾದಾಗ ಅದು ಮತ್ತೆ ಮೋಡಕ್ಕೆ ಸರಿಯಬಹುದು. ತುಂಬು ಹಸಿರಿನ ವೃತ್ತದಲ್ಲಿ ಬಿಳಿಯ ಸರಿ ಗುರುತಿದ್ದರೆ, ಇದನ್ನು ಇಲ್ಲಿಂದ ಕದಲಿಸಬೇಡವೆಂದು ನಾವೇ ಹೇಳಿದ್ದೇವೆ. ಡ್ರಾಪ್‌ಬಾಕ್ಸಿನಲ್ಲಿಯೂ ಬಳಿಕ ಮೋಡದ ಗುರುತು ಬಂದಿತು, ಅಲ್ಲಿ ಅದರ ಬಣ್ಣ ಬೂದು. ಆಪಲ್ ಕಂಪನಿಯ ಐಕ್ಲೌಡಿನಲ್ಲಿ ಕೆಳಮುಖವಾದ ಬಾಣವುಳ್ಳ ಮೋಡ.

ಹೀಗೆ ಗುರುತಿನ ಚಿತ್ರ ಬದಲಾದದ್ದು ದೊಡ್ಡ ಮಾತಲ್ಲ, ಅದು ಉತ್ತರ ಕೊಡುತ್ತಿದ್ದ ಪ್ರಶ್ನೆಯೇ ಬದಲಾಯಿತು. ಮೊದಲು ಹಸಿರು ಗುರುತು 'ಅಲ್ಲಿಗೆ ಮುಟ್ಟಿತೆ?' ಎಂಬುದಕ್ಕೆ ಉತ್ತರ ಹೇಳುತ್ತಿತ್ತು. ಈಗ 'ಇಲ್ಲಿ ಇದೆಯೆ?' ಎಂಬುದಕ್ಕೆ ಹೇಳುತ್ತದೆ. ಹಳೆಯ ಅಭ್ಯಾಸದವರು ನೀಲಿ ಮೋಡವನ್ನು ಕಂಡು, ಹಸಿರಾಗಿಲ್ಲವಾದ್ದರಿಂದ ಇನ್ನೂ ಹೋಗಿಲ್ಲವೆಂದು ತಿಳಿದು ಕಾಯುತ್ತಾರೆ. ನಿಜವಾಗಿ ಅದು ಎಂದೋ ಹೋಗಿ ಭದ್ರವಾಗಿದೆ. ಮೇಲಾಗಿ ಹಸಿರಿನಲ್ಲಿಯೇ ಎರಡು ಬಗೆ ಇಟ್ಟು, ಸಾಸಿವೆಕಾಳಿನಷ್ಟು ಚಿತ್ರದಲ್ಲಿ ಅವುಗಳ ಭೇದ ಕಾಣಲಿ ಎನ್ನುವುದು ನಲವತ್ತು ದಾಟಿದ ಕಣ್ಣುಗಳಿಗೆ ಮಾಡಿದ ಉಪಕಾರವಲ್ಲ. 2014ರ ನವೆಂಬರಿನಲ್ಲಿ ವಾಟ್ಸಾಪಿನವರೂ ಗುರುತು ಬದಲಿಸಿದರು. ಆದರೆ ಅಲ್ಲಿ ಎರಡು ಬೂದು ಗೆರೆಗಳ ಹಳೆಯ ಅರ್ಥವನ್ನು ಹಾಗೆಯೇ ಬಿಟ್ಟು, ಓದಿದ್ದಾಯಿತು ಎಂಬುದಕ್ಕೆ ನೀಲಿಯನ್ನು ಹೊಸದಾಗಿ ಸೇರಿಸಿದರು. ಜನ ಗೊಣಗಿದರೂ ಗುರುತು ಯಾರಿಗೂ ತಪ್ಪು ಹೇಳಲಿಲ್ಲ.

ವಿಂಡೋಸಿನಲ್ಲಿ ಇನ್ನೊಂದು ವಿಚಿತ್ರವುಂಟು. ಚಿತ್ರದ ಮೇಲೆ ಅಂಟಿಸುವ ಇಂಥ ಗುರುತುಗಳಿಗೆ ಅಲ್ಲಿ ಹದಿನೈದೇ ಸ್ಥಾನ. ಅವುಗಳಲ್ಲಿ ಕೆಲವನ್ನು ವಿಂಡೋಸೇ ಬಳಸುತ್ತದೆ. ಉಳಿದ ಎಲೆಗಳಿಗೆ ಪಂಕ್ತಿಯಲ್ಲಿ ನೂಕುನುಗ್ಗಲು. ಅಕ್ಷರಕ್ರಮದಲ್ಲಿ ಮೊದಲು ಬಂದವರಿಗೆ ಎಲೆ ಸಿಗುವುದರಿಂದ, ಒಂದೊಂದು ಕಂಪನಿಯೂ ತನ್ನ ಗುರುತಿನ ಹೆಸರಿನ ಹಿಂದೆ ಬರಿಯ ಖಾಲಿ ಜಾಗಗಳನ್ನು ಸೇರಿಸಿ ಮುಂದಕ್ಕೆ ನುಗ್ಗುತ್ತದೆ! ಹೊಸ ತಂತ್ರಾಂಶವೊಂದನ್ನು ಹಾಕಿದ ಮರುದಿನ ಹಳೆಯದರ ಗುರುತುಗಳೆಲ್ಲ ಮಾಯವಾದರೆ, ಸಿಂಕ್ ನಿಂತಿತೆಂದು ಗಾಬರಿಪಡಬೇಕಾಗಿಲ್ಲ. ಎಲೆ ಸಿಗದೆ ಎದ್ದುಹೋಗಿರಬಹುದು.

ಇದರಿಂದ ನಮ್ಮಂಥವರಿಗೆ ಬರುವ ಕಷ್ಟ ಯಾವುದು? ಜಮೀನಿನ ಪಹಣಿಯೋ ಮಗಳ ಅಂಕಪಟ್ಟಿಯೋ ಲ್ಯಾಪ್‌ಟಾಪಿನಲ್ಲಿದೆಯೆಂದು ನಂಬಿ ರೈಲು ಹತ್ತುತ್ತೇವೆ. ಊರಿನಲ್ಲಿ ನೆಟ್‌ವರ್ಕ್ ಇಲ್ಲ. ಹೆಸರು ಕಾಣುತ್ತದೆ, ತಾರೀಖು ಕಾಣುತ್ತದೆ, ಎಷ್ಟು ದೊಡ್ಡದೆಂಬುದೂ ಕಾಣುತ್ತದೆ. ಒತ್ತಿದರೆ ಮಾತ್ರ ತೆರೆಯದು. ಕಚೇರಿಯ ಗುಮಾಸ್ತರು ನಮ್ಮ ಮೋಡದ ಕಥೆಯನ್ನು ಕೇಳುವರೇ? ಆದ್ದರಿಂದ ಹೊರಡುವ ಹಿಂದಿನ ದಿನವೇ ಬೇಕಾದ ಫೋಲ್ಡರಿನ ಮೇಲೆ ಮೌಸಿನ ಬಲಗುಂಡಿ ಒತ್ತಿ 'ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್' ಎಂಬುದನ್ನು ಆರಿಸಿ, ತುಂಬು ಹಸಿರು ಬರುವವರೆಗೆ ಕಾಯತಕ್ಕದ್ದು. ಆಮೇಲೆ ವೈ-ಫೈ ಆರಿಸಿ, ಫೈಲನ್ನು ಒಮ್ಮೆ ತೆರೆದು ನೋಡಿಬಿಡುವುದು ಎಲ್ಲಕ್ಕಿಂತ ಒಳ್ಳೆಯ ಪರೀಕ್ಷೆ.

ಇದಕ್ಕಿಂತ ಅಪಾಯದ್ದು ಅಳಿಸುವ ಕೆಲಸ. ಮೋಡದಲ್ಲಿ ಒಂದು ಪ್ರತಿ ಇದೆಯಲ್ಲಾ ಎಂದು, ಜಾಗ ಉಳಿಸಲಿಕ್ಕಾಗಿ ಈ ಫೋಲ್ಡರಿನ ಫೈಲನ್ನು 'ಡಿಲೀಟ್' ಮಾಡಿದರೆ ಎರಡೂ ಕಡೆ ಅಳಿಯುತ್ತದೆ. ಎರಡೂ ಒಂದೇ ಇರಬೇಕೆಂಬುದೇ ಸಿಂಕಿನ ನಿಯಮವಲ್ಲವೆ? ಇಲ್ಲಿಯದನ್ನು ಮಾತ್ರ ಖಾಲಿ ಮಾಡಲು ಒತ್ತಬೇಕಾದದ್ದು 'ಫ್ರೀ ಅಪ್ ಸ್ಪೇಸ್'. ಕೈತಪ್ಪಿ ಅಳಿಸಿದವರು ತಡಮಾಡದೆ ವನ್‌ಡ್ರೈವಿನ ವೆಬ್‌ಸೈಟಿಗೆ ಹೋಗಿ ಅಲ್ಲಿಯ 'ರಿಸೈಕಲ್ ಬಿನ್'ನಲ್ಲಿ ಹುಡುಕಬೇಕು. ಸ್ವಂತ ಖಾತೆಯಾದರೆ 30 ದಿನ, ಆಫೀಸಿನವರು ಕೊಟ್ಟ ಖಾತೆಯಾದರೆ ಸಾಮಾನ್ಯವಾಗಿ 93 ದಿನ ಅದು ಅಲ್ಲಿರುತ್ತದೆ, ನಡುವೆ ಯಾರೂ ಆ ಬುಟ್ಟಿಯನ್ನು ಬರಿದು ಮಾಡದಿದ್ದರೆ.