ಕೀಲುಗಳ ಸಂಶೋಧನೆಯೂ ನಮ್ಮ ವಿದ್ಯಾರ್ಥಿಗಳೂ

ಠಾಣೆ, ಡೊಂಬಿವಲಿ, ಕಲ್ಯಾಣ – ಯಾವ ನಿಲ್ದಾಣದಲ್ಲಾದರೂ ಗಾಡಿಯಿಂದಿಳಿದ ಜನರು ಮೇಲ್ಸೇತುವೆಯನ್ನೇರುವುದನ್ನು ನೋಡಿರಿ. ನಾವು ಎರಡೆರಡು ಮೆಟ್ಟಿಲುಗಳನ್ನು ಒಮ್ಮೆಗೇ ಹಾರುತ್ತೇವೆ. ನಮ್ಮ ಅಜ್ಜಿಯರು ಕಂಬಿ ಹಿಡಿದು, ಮೆಟ್ಟಿಲು ಮೆಟ್ಟಿಲಿಗೂ ನಿಂತು ಏರುತ್ತಾರೆ. ಇದಕ್ಕೆ ಕಾರಣವೇನು?

ಮೊಣಕಾಲಿನಲ್ಲಿ ಎಲುಬುಗಳು ಸೇರುವೆಡೆ ಅವುಗಳ ತುದಿಯನ್ನು ಮೃದ್ವಸ್ಥಿಯೆಂಬ ನುಣುಪಾದ ಪದರವು ಹೊದಿಸಿರುತ್ತದೆ. ಅದರ ದಪ್ಪ ಕೆಲವೇ ಮಿಲಿಮೀಟರು. ತೂಕದ ಬಹುಪಾಲು ನೀರು. ಕೈಯ ಗಾಯಕ್ಕೆ ದುರಸ್ತಿಯ ಸಾಮಗ್ರಿಯನ್ನು ರಕ್ತವು ತರುತ್ತದೆ. ಮೃದ್ವಸ್ಥಿಯಲ್ಲಾದರೋ ರಕ್ತನಾಳಗಳೇ ಇಲ್ಲ, ಜೀವಕೋಶಗಳೂ ವಿರಳ. ಆದುದರಿಂದ ಸವೆದುದು ಮೊದಲಿನಂತೆ ಬೆಳೆಯಲಾರದು. ಇದನ್ನು ವಿಲಿಯಂ ಹಂಟರ್ ಎಂಬ ವೈದ್ಯನು 1743ರಲ್ಲಿಯೇ ಲಂಡನ್ನಿನ ರಾಯಲ್ ಸೊಸೈಟಿಗೆ ತಿಳಿಸಿದ್ದನು.

ಸ್ವೀಡನ್ನಿನ ವೈದ್ಯರು ರೋಗಿಯ ಮೃದ್ವಸ್ಥಿಯಿಂದಲೇ ಕೋಶಗಳನ್ನು ತೆಗೆದು, ಪ್ರಯೋಗಶಾಲೆಯಲ್ಲಿ ಬೆಳೆಯಿಸಿ, ಮರಳಿ ಮೊಣಕಾಲಿನಲ್ಲಿರಿಸಿದರು. 23 ರೋಗಿಗಳ ಫಲಿತಾಂಶವನ್ನು 1994ರಲ್ಲಿ ಪ್ರಕಟಿಸಿದರು. ಪೆಟ್ಟಿನಿಂದಾದ ಸಣ್ಣ ಕುಳಿಗೆ ಇದು ಉಪಯುಕ್ತ. ಮುಪ್ಪಿನಲ್ಲಿ ಇಡೀ ಕೀಲು ಸವೆದರೆ ಸಾಲದು. ಔಷಧವನ್ನು ಸೂಕ್ಷ್ಮ ಕಣಗಳಲ್ಲಿ ತುಂಬಿ ಕೀಲಿನೊಳಗೆ ಬಹುಕಾಲ ಉಳಿಯುವಂತೆ ಮಾಡುವ ಪ್ರಯೋಗಗಳು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಡೆದಿವೆ. ಪ್ರಶ್ನೆಯಿನ್ನೂ ಪೂರ್ತಿ ಬಗೆಹರಿದಿಲ್ಲ.

ಇಂತಹ ಕಾರ್ಯದಲ್ಲಿ ಬಿ.ಎಸ್ಸಿ. ವಿದ್ಯಾರ್ಥಿಗೂ ಸ್ಥಾನವುಂಟು. ಮೃದ್ವಸ್ಥಿಯ ತೆಳುಹೋಳಿಗೆ ಸಫ್ರಾನಿನ್ ಬಣ್ಣವನ್ನು ಕೊಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಆರೋಗ್ಯವಾದ ಭಾಗವು ಚೆನ್ನಾಗಿ ಕೆಂಪೇರಿರುತ್ತದೆ, ಕೆಟ್ಟ ಭಾಗವು ಮಂಕಾಗಿರುತ್ತದೆ. ಹೀಗೆ ನೋಡುವುದು, ಕೋಶಗಳನ್ನೆಣಿಸುವುದು, ಅಂಕಿಗಳನ್ನು ಬರೆದಿಡುವುದು – ಸಂಶೋಧನೆಯ ಮೊದಲ ಪಾಠಗಳಿವು.

ಕಲಿಯುವುದೆಲ್ಲಿ? ನವಿ ಮುಂಬಯಿಯ ವಾಶಿಯಿಂದ ಖಾಡಿಯನ್ನು ದಾಟಿದೊಡನೆ ಮಾನಖುರ್ದ್ ಬರುತ್ತದೆ. ಅಲ್ಲಿನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರವು ಪದವಿ ತರಗತಿಯವರನ್ನು ಸಂಶೋಧನೆಯಲ್ಲಿ ತೊಡಗಿಸುವ ರಾಷ್ಟ್ರೀಯ ಕಾರ್ಯಕ್ರಮವೊಂದನ್ನು 2004ರಲ್ಲಿ ಆರಂಭಿಸಿತು. ಅಲ್ಲಿನ ವಿಷಯಗಳು ಬೇರೆಬೇರೆ, ಶಿಸ್ತು ಒಂದೇ. ಇನ್ನು ಬೆಂಗಳೂರು, ದಿಲ್ಲಿ, ಪ್ರಯಾಗರಾಜಗಳ ಮೂರು ವಿಜ್ಞಾನ ಅಕಾಡೆಮಿಗಳು ಜೊತೆಗೂಡಿ ನೀಡುವ ಬೇಸಗೆಯ ವಿದ್ಯಾರ್ಥಿವೇತನವುಂಟು. ಅದನ್ನು ಪಡೆದವರು ಸುಮಾರು ಎರಡು ತಿಂಗಳು ವಿಜ್ಞಾನಿಯೊಬ್ಬರ ಕೈಕೆಳಗೆ ದುಡಿಯಬಹುದು.

ಕನ್ನಡದಲ್ಲಿ ಓದಿದ ನಮಗೆ ಇದು ಎಟುಕೀತೇ ಎಂಬ ಅಳುಕು ಕೆಲವರಿಗುಂಟು. ಇಂಗ್ಲಿಷ್ ಪರಿಭಾಷೆಯನ್ನು ಕಾಲೇಜಿನಲ್ಲಿ ಕಲಿತುಕೊಳ್ಳಬಹುದು. ಏಕೆ, ಹೇಗೆ ಎಂದು ಕೇಳುವ ಅಭ್ಯಾಸವನ್ನು ಮಾತ್ರ ಈಗಲೇ ಬೆಳೆಯಿಸಿಕೊಳ್ಳಬೇಕು. ಇಂದು ಹತ್ತನೆಯ ತರಗತಿಯಲ್ಲಿರುವವರು ನಾಲ್ಕೈದು ವರ್ಷಗಳಲ್ಲಿ ಅಂತಹ ಅರ್ಜಿಯನ್ನು ತುಂಬುವವರಾಗಲಿ. ಅಲ್ಲಿಯವರೆಗೆ ಮೇಲ್ಸೇತುವೆಯಲ್ಲಿ ಅಜ್ಜಿಯ ಕೈಚೀಲವನ್ನು ನಾವು ಹೊರೋಣ.