ನಾಯಿಗೆ ವಿಷವಾಗುವ ಚಾಕೊಲೇಟ್

ಹುಟ್ಟುಹಬ್ಬಕ್ಕೆ ಚಾಕೊಲೇಟ್ ಹಂಚುವುದು ನಗರದ ಮಧ್ಯಮವರ್ಗದ ಮನೆಗಳಲ್ಲಿ ವಾಡಿಕೆಯಾಗಿದೆ. ಮಕ್ಕಳು ಅಕ್ಕರೆಯಿಂದ ಮನೆಯ ನಾಯಿಗೂ ಒಂದು ತುಂಡು ನೀಡುತ್ತಾರೆ. ಆ ಅಕ್ಕರೆಯೇ ಅದರ ಜೀವಕ್ಕೆ ಎರವಾಗಬಹುದೆಂಬ ಅರಿವು ಎಷ್ಟು ಹಿರಿಯರಿಗಿದೆ?

ಕೋಕೊ ಬೀಜದಲ್ಲಿರುವ ಥಿಯೊಬ್ರೊಮಿನ್ ಎಂಬ ರಾಸಾಯನಿಕವೇ ಇದಕ್ಕೆ ಕಾರಣ. ಮನುಷ್ಯನ ದೇಹ ಇದನ್ನು ಬೇಗನೆ ಹೊರಹಾಕುತ್ತದೆ. ನಾಯಿಯ ದೇಹದಲ್ಲಿ ಅದು ಅರ್ಧಕ್ಕಿಳಿಯಲು ಸುಮಾರು 17 ಗಂಟೆ ಬೇಕು. ವಾಂತಿ, ಭೇದಿ, ಚಡಪಡಿಕೆಗಳಿಂದ ಆರಂಭವಾಗಿ ಎದೆಬಡಿತ ಏರುಪೇರಾಗುತ್ತದೆ. ಸೆಳವು ಬಂದು ಸಾವೂ ಸಂಭವಿಸಬಹುದು.

ದೇಹತೂಕದ ಪ್ರತಿ ಕಿಲೊಗೆ 20 ಮಿಲಿಗ್ರಾಂ ಥಿಯೊಬ್ರೊಮಿನ್ ಸೇರಿದರೆ ಲಕ್ಷಣಗಳು ತಲೆದೋರುತ್ತವೆ; 60 ಮಿಲಿಗ್ರಾಂ ಆದರೆ ಸೆಳವು ಬರಬಹುದು. ಅಂದರೆ 10 ಕಿಲೊ ತೂಗುವ ನಾಯಿಗೆ ಹಾಲಿನ ಚಾಕೊಲೇಟ್ ಸುಮಾರು 100 ಗ್ರಾಂ ತಿಂದರೆ ತೊಂದರೆ. ಡಾರ್ಕ್ ಚಾಕೊಲೇಟ್ ಆದರೆ 40 ಗ್ರಾಂ ಸಾಕು. ಕೇಕಿಗೆ ಬಳಸುವ ಕೋಕೊ ಪುಡಿ ಇನ್ನೂ ತೀಕ್ಷ್ಣ. ಆರೋಗ್ಯಕ್ಕೆ ಹಿತವೆಂದು ನಾವು ಹೆಚ್ಚು ಬೆಲೆ ತೆತ್ತು ತರುವ ಚಾಕೊಲೇಟೇ ನಾಯಿಗೆ ಹೆಚ್ಚು ಮಾರಕವೆಂಬುದು ವಿಪರ್ಯಾಸ.

ಇದಕ್ಕೆ ಪ್ರತಿವಿಷವಿಲ್ಲ. ತಿಂದ ಒಂದೆರಡು ಗಂಟೆಯೊಳಗೆ ಪಶುವೈದ್ಯರಲ್ಲಿಗೆ ಒಯ್ದರೆ ವಾಂತಿ ಮಾಡಿಸಿ ಉಳಿಸುವ ಸಾಧ್ಯತೆ ಹೆಚ್ಚು. ಲಕ್ಷಣ ಕಾಣಿಸಲೆಂದು ಕಾಯುವುದು ಸಲ್ಲದು. ಚಾಕೊಲೇಟಿನ ಹೊದಿಕೆಯನ್ನೂ ಜೊತೆಗೊಯ್ದರೆ ವೈದ್ಯರಿಗೆ ಲೆಕ್ಕ ಸುಲಭ.

ಸಸ್ಯಾಹಾರವೆಂದು ಸಾರುವ ಹಸಿರು ಗುರುತನ್ನು ನಮ್ಮಲ್ಲಿ ಕಾನೂನೇ ಕಡ್ಡಾಯಗೊಳಿಸಿದೆ. ಅದರ ಪಕ್ಕದಲ್ಲೇ ‘ನಾಯಿಗೆ ನೀಡಬೇಡಿ’ ಎಂಬ ಸಾಲನ್ನೂ ಮುದ್ರಿಸುವಂತೆ ಸರ್ಕಾರ ವಿಧಿಸಲಿ. ತಯಾರಕರಿಗೆ ತಗಲುವ ವೆಚ್ಚ ನಗಣ್ಯ. ಉಳಿಯುವುದು ಮಾತು ಬಾರದ ಜೀವ.