ಎರಡು ಪರದೆ, ಒಂದು ಹಳೆಯ ಗಣಕಯಂತ್ರ: ಹೊಸದನ್ನು ಕೊಳ್ಳುವ ಮುನ್ನ

ಬಟ್ಟೆ, ಒಡವೆ, ಟೈಲ್ಸ್ ಮತ್ತು ವಿದ್ಯುತ್ ಉಪಕರಣಗಳ ಅನೇಕ ಮಳಿಗೆಗಳಲ್ಲಿ ಒಂದೇ ಗಣಕಯಂತ್ರಕ್ಕೆ ಎರಡು ಪರದೆಗಳನ್ನು ಜೋಡಿಸಿರುತ್ತಾರೆ. ಒಂದರಲ್ಲಿ ಬಿಲ್ಲಿಂಗ್ ನಡೆಯುತ್ತದೆ; ಗ್ರಾಹಕರತ್ತ ಮುಖ ಮಾಡಿದ ಇನ್ನೊಂದರಲ್ಲಿ ಸರಕಿನ ವೀಡಿಯೊ ಓಡುತ್ತದೆ. ವಿಂಡೋಸ್ 10ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ವಿಂಡೋಸ್ 11ಕ್ಕೆ ಒಗ್ಗದ ಹಳೆಯ ಯಂತ್ರಗಳಿಗೆ ಉಚಿತವಾಗಿ ಸಿಗುವ ಲಿನಕ್ಸ್ ಮಿತವ್ಯಯದ ಮಾರ್ಗವಾಗಿದೆ. ಆದರೆ ಅಳವಡಿಸಿದ ಬಳಿಕ ಎರಡನೆಯ ಪರದೆಯಲ್ಲಿ ವೀಡಿಯೊ ತಡವರಿಸಬಹುದು, ಚಿತ್ರ ಅಡ್ಡಲಾಗಿ ಸೀಳಿದಂತೆ ಕಾಣಬಹುದು, ಬಿಲ್ಲೂ ನಿಧಾನವಾಗಬಹುದು. ಆಗ ಕೇಳಿಬರುವ ಸಲಹೆ ಒಂದೇ: ಹೊಸ ಯಂತ್ರ ಕೊಳ್ಳಿರಿ. ಅನೇಕ ಸಂದರ್ಭಗಳಲ್ಲಿ ಈ ವೆಚ್ಚ ಅನಗತ್ಯ.

ಲೆಕ್ಕಪತ್ರದ ದೃಷ್ಟಿ

2017-18ನೆಯ ಆರ್ಥಿಕ ವರ್ಷದಿಂದ ಆದಾಯ ತೆರಿಗೆಯಲ್ಲಿ ಗಣಕಯಂತ್ರಗಳಿಗೆ ಶೇ. 40ರ ಸವಕಳಿ ಅನ್ವಯಿಸಿತು. ಈ ದರದಲ್ಲಿ 30,000 ರೂಪಾಯಿಯ ಯಂತ್ರ ಐದು ಪೂರ್ಣ ವರ್ಷಗಳ ನಂತರ 2,333 ರೂಪಾಯಿಗೆ ಇಳಿಯುತ್ತದೆ. ಪುಸ್ತಕದಲ್ಲಿ ಸವೆದದ್ದು ಮೇಜಿನ ಮೇಲೂ ಸವೆದಿರಬೇಕೆಂದಿಲ್ಲ. ಹೊಸ ಯಂತ್ರದಿಂದ ತೆರಿಗೆ ಉಳಿಯುತ್ತದೆಂಬ ವಾದವೂ ಅರ್ಧಸತ್ಯ. ಮೊದಲ ವರ್ಷದ ಸವಕಳಿ 12,000 ರೂಪಾಯಿ, ಶೇ. 30ರ ತೆರಿಗೆ ದರದಲ್ಲಿ ಉಳಿತಾಯ 3,600 ರೂಪಾಯಿ. ಕೈಬಿಟ್ಟ ನಗದು ಮಾತ್ರ ಪೂರ್ತಿ 30,000.

ಹೊರೆ ಎಲ್ಲಿದೆ?

1920×1080 ಅಳತೆಯ ಒಂದು ಪರದೆಯಲ್ಲಿ 20,73,600 ಚುಕ್ಕೆಗಳಿರುತ್ತವೆ, ಎರಡರಲ್ಲಿ 41,47,200. ಪ್ರತಿ ಚುಕ್ಕೆಗೆ 4 ಬೈಟ್‌ಗಳಂತೆ, ಸೆಕೆಂಡಿಗೆ 60 ಬಾರಿ ಚಿತ್ರ ಮೂಡಿಸಲು ಸುಮಾರು 100 ಕೋಟಿ ಬೈಟ್‌ಗಳನ್ನು ಓದಬೇಕು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರದಲ್ಲಿ ಇದೆಲ್ಲವೂ ಮುಖ್ಯ ಸ್ಮೃತಿಯಿಂದ, ಅಂದರೆ ರ‍್ಯಾಮ್‌ನಿಂದಲೇ ಆಗಬೇಕು. ಇದರ ಜೊತೆಗೆ, ಅಡಕಗೊಳಿಸಿದ ವೀಡಿಯೊವನ್ನು ಬಿಡಿಸುವ ಕೆಲಸ ಗ್ರಾಫಿಕ್ಸ್ ಭಾಗದ ಬದಲು ಪ್ರೊಸೆಸರ್ ಮೇಲೆ ಬಿದ್ದರೆ ಬಿಲ್ಲಿಂಗ್ ತಂತ್ರಾಂಶಕ್ಕೆ ಶಕ್ತಿ ಉಳಿಯುವುದಿಲ್ಲ.

ಸರಿಪಡಿಸುವ ಕ್ರಮ

1. ವೀಡಿಯೊದ ಸ್ವರೂಪ: ಇದು ಖರ್ಚಿಲ್ಲದ ಮೊದಲ ಹೆಜ್ಜೆ. 2011ರಲ್ಲಿ ಬಂದ ಇಂಟೆಲ್‌ನ ಎರಡನೆಯ ತಲೆಮಾರಿನ ಕೋರ್ ಪ್ರೊಸೆಸರ್‌ಗಳ ಗ್ರಾಫಿಕ್ಸ್ ಭಾಗ ಎಚ್.264 ಸ್ವರೂಪವನ್ನು ಬಿಡಿಸಬಲ್ಲದು. ಎಚ್.265ಕ್ಕೆ ಆರನೆಯ, ವಿಪಿ9ಕ್ಕೆ ಏಳನೆಯ ತಲೆಮಾರು ಬೇಕು. ಇತ್ತೀಚಿನ ಅನೇಕ ಮೊಬೈಲ್‌ಗಳು ಎಚ್.265ರಲ್ಲಿ ಚಿತ್ರೀಕರಿಸುತ್ತವೆ. ಅಂತಹ ಕಡತವನ್ನು ಉಚಿತ ತಂತ್ರಾಂಶವಾದ ಹ್ಯಾಂಡ್‌ಬ್ರೇಕ್‌ನಿಂದ ಎಚ್.264ಕ್ಕೆ, 1920×1080 ಅಳತೆಗೆ ಒಮ್ಮೆ ಪರಿವರ್ತಿಸಿದರೆ ಸಾಕು.

2. ಚಾಲಕ ತಂತ್ರಾಂಶ: ಲಿನಕ್ಸ್‌ನಲ್ಲಿ ಈ ಸೌಲಭ್ಯದ ಹೆಸರು ವಿಎ-ಎಪಿಐ. ಇಂಟೆಲ್‌ನ ನಾಲ್ಕನೆಯ ತಲೆಮಾರಿನವರೆಗೆ ಐ965 ಡ್ರೈವರ್, ಐದನೆಯದರಿಂದೀಚೆಗೆ ಇಂಟೆಲ್ ಮೀಡಿಯಾ ಡ್ರೈವರ್ ಬೇಕು. ‘ವಿಎಇನ್ಫೋ’ ಆಜ್ಞೆ ನೀಡಿದರೆ ಬೆಂಬಲಿತ ಸ್ವರೂಪಗಳ ಪಟ್ಟಿ ಬರುತ್ತದೆ. ಬಳಿಕ ಎಂಪಿವಿ ಅಥವಾ ವಿಎಲ್‌ಸಿ ಪ್ಲೇಯರ್‌ನಲ್ಲಿ ಹಾರ್ಡ್‌ವೇರ್ ಡಿಕೋಡಿಂಗ್ ಆಯ್ಕೆ ಮಾಡಬೇಕು.

3. ಪರದೆಗಳ ಹೊಂದಾಣಿಕೆ: ಒಂದು 60, ಇನ್ನೊಂದು 75 ಹರ್ಟ್ಸ್‌ನಲ್ಲಿದ್ದರೆ ಹಳೆಯ ಎಕ್ಸ್ ವ್ಯವಸ್ಥೆ ಎರಡಕ್ಕೂ ಏಕಕಾಲದಲ್ಲಿ ತಾಳ ಹಾಕಲಾರದು, ಚಿತ್ರ ಸೀಳುವುದು ಅಲ್ಲೇ. ಎರಡನ್ನೂ 60 ಹರ್ಟ್ಸ್‌ಗೆ ಇರಿಸಬೇಕು. ವೇಲ್ಯಾಂಡ್ ವ್ಯವಸ್ಥೆ ಪ್ರತಿ ಪರದೆಯನ್ನೂ ಬೇರೆಯಾಗಿ ನಿರ್ವಹಿಸುತ್ತದೆ. ಆದರೆ ಹಳೆಯ ಎನ್‌ವಿಡಿಯಾ ಕಾರ್ಡುಗಳಲ್ಲಿ ಅದು ಸುಗಮವಾಗದಿರಬಹುದು. ಎರಡನೆಯ ಪರದೆ 4ಕೆ ಟೀವಿಯಾದರೆ ಅದನ್ನು 1920×1080ಕ್ಕೆ ಇಳಿಸಬೇಕು. ಎಚ್‌ಡಿಎಂಐ 1.4 ಕಿಂಡಿ ಪೂರ್ಣ 4ಕೆ ಚಿತ್ರವನ್ನು ಸೆಕೆಂಡಿಗೆ 30 ಬಾರಿ ಮಾತ್ರ ಸಾಗಿಸಬಲ್ಲದು.

4. ಕೇಬಲ್: ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇದ್ದಲ್ಲಿ ಎರಡೂ ಪರದೆಗಳು ಆ ಕಾರ್ಡಿಗೇ ಸೇರಬೇಕು. ಒಂದು ಕಾರ್ಡಿಗೆ, ಇನ್ನೊಂದು ಮದರ್‌ಬೋರ್ಡಿಗೆ ಸೇರಿದ್ದರೆ ಚಿತ್ರವನ್ನು ಅಲ್ಲಿಂದಿಲ್ಲಿಗೆ ನಕಲಿಸುವ ಹೆಚ್ಚುವರಿ ಕೆಲಸ ಬೀಳುತ್ತದೆ.

5. ರ‍್ಯಾಮ್: ಕೆಲವು ಯಂತ್ರಗಳಲ್ಲಿ ಒಂದೇ ಪಟ್ಟಿ ಇರುತ್ತದೆ. ಅದೇ ಅಳತೆ, ಅದೇ ವೇಗದ ಇನ್ನೊಂದನ್ನು ಸರಿಯಾದ ಜೋಡಿ ಕಿಂಡಿಯಲ್ಲಿ ಕೂರಿಸಿದರೆ ಸ್ಮೃತಿಯ ಗರಿಷ್ಠ ಸಾಗಣೆ ವೇಗ ದುಪ್ಪಟ್ಟಾಗುತ್ತದೆ. ಡಿಡಿಆರ್3-1600ರಲ್ಲಿ ಅದು ಸೆಕೆಂಡಿಗೆ 1,280 ಕೋಟಿ ಬೈಟ್‌ಗಳಿಂದ 2,560 ಕೋಟಿಗೆ ಏರುತ್ತದೆ. ಹಣ ಬೇಡುವ ಕ್ರಮ ಇದೊಂದೇ; ಆದ್ದರಿಂದ ಇದು ಕೊನೆಗೆ ಬರಬೇಕು.

ಇಷ್ಟೆಲ್ಲ ಮಾಡಿದರೂ ನೇರವಾಗಿ ಅಂತರ್ಜಾಲದಿಂದ 4ಕೆ ವೀಡಿಯೊ ತೋರಿಸಲೇಬೇಕಾದ ಮಳಿಗೆಗೆ ಹಳೆಯ ಯಂತ್ರ ಸಾಲದು. ಅಲ್ಲಿ ಹೊಸ ಖರೀದಿ ನ್ಯಾಯವಾದುದೇ. ಉಳಿದವರು ಪ್ರತಿ ಹೆಜ್ಜೆಯ ನಂತರ ಅದೇ ವೀಡಿಯೊವನ್ನು ಓಡಿಸಿ, ಪ್ರೊಸೆಸರ್‌ನ ಬಳಕೆ ಶೇಕಡಾ ಎಷ್ಟೆಂಬುದನ್ನು ‘ಟಾಪ್’ ಆಜ್ಞೆಯಿಂದ ನೋಡಿ ಬರೆದಿಡುವುದು ಒಳಿತು. ರೋಕಡಿ ತಾಳೆಯಾಗದಾಗ ವರ್ತಕರು ಪೆಟ್ಟಿಗೆಯನ್ನು ಬದಲಿಸುವುದಿಲ್ಲ, ವ್ಯತ್ಯಾಸ ಎಲ್ಲಿದೆಯೆಂದು ಹುಡುಕುತ್ತಾರೆ. ಗಣಕಯಂತ್ರದ ವಿಷಯದಲ್ಲೂ ಅದೇ ಕ್ರಮ ಸಲ್ಲುತ್ತದೆ.